ಅಕ್ಕನಿಗಾಗಿ ಹರಿಯುವ ನೀರು

ಅಕ್ಕ ತೀರಿಹೋದ ಸುದ್ದಿ ಬಂದಾಗ ನಾನು ಹನ್ನೆರಡನೆಯ ಮಹಡಿಯಲ್ಲಿ ಸ್ಲ್ಯಾಬ್ ಹಾಕಿಸುತ್ತಿದ್ದೆ. ಅಂದು ಮಂಗಳವಾರ. ಕಾಂಕ್ರೀಟ್ ಪಂಪ್ ಶುರುವಾಗಿತ್ತು. ಫೋರ್ಮನ್ ಆದವನು ನಡುವೆ ಇಳಿದು ಹೋಗುವಂತಿಲ್ಲ. ಹೋಗು ಎಂದು ಯಾರಾದರೂ ಹೇಳಲಿಕ್ಕೆ ವಿಷಯ ತಿಳಿಯಬೇಕಲ್ಲ, ನಾನು ತಿಳಿಸಲಿಲ್ಲ. ಮಧ್ಯಾಹ್ನ ಎಲ್ಲರ ಜೊತೆ ಕುಳಿತು ಉಂಡೆ.

ತಪ್ಪಾದದ್ದು ಅಲ್ಲಿ. ನಮ್ಮಲ್ಲಿ ಸಾವಿನ ಸುದ್ದಿ ಕಿವಿಗೆ ಬಿದ್ದರೆ ಮೊದಲು ತಲೆಗೆ ನೀರು, ಆಮೇಲೆ ಬಾಯಿಗೆ ಅನ್ನ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಬೇರೆ ಶಾಸ್ತ್ರ ತಿಳಿಯದು, ಇದೊಂದು ಗೊತ್ತಿತ್ತು. ಸಂಜೆ ದುಬೈಯ ಮುಹೈಸ್ನಾದಲ್ಲಿರುವ ನಮ್ಮ ಕೆಲಸಗಾರರ ಕ್ಯಾಂಪಿನಲ್ಲಿ ಟ್ಯಾಂಕಿನ ನೀರು ಸುರಿದುಕೊಂಡೆ. ಬಿಸಿಲಿಗೆ ಕಾದ ನೀರು, ಬಾಗಿಲು ಬಡಿಯುವ ಜನ. ಮಿಂದೆ ಅನಿಸಲೇ ಇಲ್ಲ.

ನನ್ನನ್ನು ಸಾಕಿದವಳು ಅವಳು. ಕಾಯಿಲೆ ಬಿದ್ದಾಗ ರಜೆ ಕೇಳಿದ್ದರೆ ಸಿಗುತ್ತಿತ್ತು. ಇಷ್ಟು ವರ್ಷದಲ್ಲಿ ಒಮ್ಮೆಯೂ ತುರ್ತು ರಜೆ ಕೇಳಿದವನಲ್ಲ ಎಂಬುದು ನನ್ನ ಹೆಮ್ಮೆ. “ಈ ಸ್ಲ್ಯಾಬ್ ಒಂದು ಮುಗಿಯಲಿ ಅಕ್ಕಾ” ಎಂದು ಫೋನಿನಲ್ಲಿ ಹೇಳಿದ್ದೆ. “ಆಯ್ತು, ಕೆಲಸ ನೋಡಿಕೋ” ಅಂದಿದ್ದಳು.

ದೇರಾದ ತರಕಾರಿ ಅಂಗಡಿಯ ಪಿಕಪ್ ಓಡಿಸುವ ಬ್ಯಾರಿ ಗೆಳೆಯನೊಬ್ಬನಿಗೆ ಮಾತ್ರ ಹೇಳಿದೆ. ಮೂರು ಮುಳುಗು ಹಾಕಲು ಹರಿಯುವ ನೀರು ಬೇಕು ಅಂದೆ.

“ಸಮುದ್ರ ಉಂಟಲ್ಲ ಮಾರಾಯ.”

“ಊರಲ್ಲಿ ನಾವು ಹೊಳೆಗೇ ಹೋಗುವುದು.”

“ದುಬೈಯಲ್ಲಿ ಕೂತು ಹೊಳೆ ಕೇಳ್ತಾನೆ,” ಅಂದ. ಆದರೂ ಭಾನುವಾರ ಬೆಳಿಗ್ಗೆ ಗಾಡಿ ತಂದ.

ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ ವಾದಿಯೊಳಗೆ ನಡೆದೆವು. ವಾದಿ ಎಂದರೆ ಮಳೆ ಬಂದ ದಿನ ಹೊಳೆ, ಉಳಿದ ದಿನ ಬರೀ ಕಲ್ಲು. ಎರಡೂ ಕಡೆ ಕಂದು ಬಂಡೆಯ ಗೋಡೆ. ಉರುಟುಗಲ್ಲಿನ ಮೇಲೆ ನನ್ನ ಸೇಫ್ಟಿ ಬೂಟು ಜಾರುತ್ತಿತ್ತು. ಒಂದು ಗಂಟೆ ನಡೆದರೂ ತೇವದ ಗುರುತಿಲ್ಲ.

“ನೀರು ಇಲ್ಲದಿದ್ದರೆ?”

“ಉಂಟು. ಹೋದ ವರ್ಷ ನಾನೇ ಮಿಂದಿದ್ದೇನೆ. ಇದು ನಿನ್ನ ಬಿಲ್ಡಿಂಗ್ ಅಲ್ಲ, ಲಿಫ್ಟ್ ಇಲ್ಲ. ಯಲ್ಲಾ, ನಡಿ.”

ಒಂದು ತಿರುವಿನಲ್ಲಿ ಶಬ್ದ ಕೇಳಿತು. ಬಂಡೆಯ ಸೀಳಿನಿಂದ ನೀರು ಸಣ್ಣಗೆ ಬೀಳುತ್ತಿತ್ತು, ಕೆಳಗೆ ಹಸಿರು ಗುಂಡಿ. ಅದರಲ್ಲಿ ಐದಾರು ಪಠಾಣರು, ದಡದಲ್ಲಿ ಅವರ ಸ್ಪೀಕರಿನ ಹಾಡು.

“ಸ್ವಲ್ಪ ಬದಿಗೆ ನಿಲ್ಲಲಿಕ್ಕೆ ಹೇಳುವ,” ಅಂದ ಗೆಳೆಯ.

“ಬೇಡ. ಯಾರಿಗೂ ಏನೂ ಹೇಳಬೇಡ.”

ಬೂಟು ಬಿಚ್ಚಿ, ಉಟ್ಟ ಬಟ್ಟೆಯಲ್ಲೇ ಅಂಚಿನಲ್ಲಿ ಇಳಿದೆ. ನೀರು ಕೊರೆಯುತ್ತಿತ್ತು. ಮೊದಲ ಮುಳುಗು ಹಾಕಿ ಏಳುವಾಗ ಎದೆಯಿಂದ ಒಂದು ಶಬ್ದ ಹೊರಟಿತು. ಅದು ಅಳು ಎಂದು ನನಗೇ ತಡವಾಗಿ ತಿಳಿಯಿತು. ನಾನು ಮುಳುಗಿಹೋಗುತ್ತಿದ್ದೇನೆ ಎಂದುಕೊಂಡು ಒಬ್ಬ ಪಠಾಣ ನನ್ನ ರಟ್ಟೆ ಹಿಡಿದು ಎಳೆದ. ಕೊಡವಿದೆ. ಮತ್ತೆ ಹಿಡಿದ.

ಗೆಳೆಯ ದಡದಿಂದ ಹಿಂದಿಯಲ್ಲಿ ಹೇಳಿಯೇಬಿಟ್ಟ: “ಬಿಡು ಭಾಯ್, ಅವನ ಒಡಹುಟ್ಟಿದವಳು ಸತ್ತಿದ್ದಾಳೆ.”

ಯಾರೋ ಹಾಡು ನಿಲ್ಲಿಸಿದರು. ಒಬ್ಬೊಬ್ಬರಾಗಿ ಮೇಲೆ ಹತ್ತಿ, ತೊಟ್ಟಿಕ್ಕುತ್ತ ದಡದಲ್ಲಿ ನಿಂತರು. ಗುಂಡಿ ಪೂರ್ತಿ ನನಗೆ ಬಿಟ್ಟರು. ರಟ್ಟೆ ಹಿಡಿದವನು ಮಾತ್ರ ಇನ್ನೂ ನೀರಲ್ಲಿದ್ದ.

“ದೊಡ್ಡವಳೋ, ಚಿಕ್ಕವಳೋ?” ಎಂದು ಮೆಲ್ಲಗೆ ಕೇಳಿದ.

“ದೊಡ್ಡವಳು,” ಅಂದೆ. “ಅವಳೇ ನನ್ನನ್ನು ಎತ್ತಿ ಬೆಳೆಸಿದ್ದು. ನಾನು ಹೋಗಲಿಲ್ಲ.”

ಅವನು ಕೈ ಬಿಟ್ಟು ದಡ ಹತ್ತಿದ. ಇನ್ನೆರಡು ಮುಳುಗು ಉಳಿದಿದ್ದವು. ಅಷ್ಟು ಜನರ ಎದುರಿಗೇ ಅಳುತ್ತ ಅವನ್ನೂ ಹಾಕಿದೆ, ಐದು ದಿನ ತಡವಾಗಿ.