‘ಅದು’ ಎಂದವಳು

ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಹಾಸಿಗೆ ಹಿಡಿದವರನ್ನೆಲ್ಲ ಅಜ್ಜ, ಅಜ್ಜಿ, ಅಣ್ಣ ಎಂದೇ ಕರೆಯುತ್ತಿದ್ದಳು. ಒಬ್ಬ ಅಜ್ಜ ತೀರಿಕೊಂಡಾಗ ಬಚ್ಚಲಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತಳು. ಹಿರಿಯ ನರ್ಸು ಹೊರಗೆಳೆದು ತಂದು ಬುದ್ಧಿ ಹೇಳಿದಳು: “ಅಜ್ಜ ಗಿಜ್ಜ ಅಂದ್ಕೊಂಡು ಕೂತ್ರೆ ನೀನಿಲ್ಲಿ ಬಾಳಲ್ಲ ಕಣೇ. ನಾಲ್ಕನೇ ಬೆಡ್ಡು ಅನ್ನು. ಬೆಡ್ಡು ಉಣ್ತು, ಬೆಡ್ಡು ಉಣ್ಲಿಲ್ಲ. ಅಷ್ಟೇ.”

ಮೊದಮೊದಲು ನಾಲಿಗೆ ತಡವರಿಸಿತು, ಆಮೇಲೆ ರೂಢಿಯಾಯಿತು. ವಿಚಿತ್ರವೆಂದರೆ, ‘ಅದು’ ಎಂದ ಮೇಲೆ ನಾತವೂ ಮೂಗಿಗೆ ಅಷ್ಟಾಗಿ ಬಡಿಯುತ್ತಿರಲಿಲ್ಲ. ಅದನ್ನು ಹೊರಳಿಸಬಹುದಿತ್ತು, ಒರೆಸಬಹುದಿತ್ತು, ನರಳಿದರೆ ಕೇಳಿಸದವಳಂತೆ ಮುಂದಿನ ಮಂಚಕ್ಕೆ ಹೋಗಬಹುದಿತ್ತು. ವಾರ್ಡಿನಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲವೆಂದು ಹೆಸರಾಯಿತು.

ಗಂಡ ಕ್ಷೌರಿಕ, ಮಹಾ ಮಾತುಗಾರ. ಗಿರಾಕಿಯ ಗಲ್ಲದ ಮೇಲೆ ಕತ್ತಿ ಇಟ್ಟುಕೊಂಡೇ ನಗೆಚಟಾಕಿ ಹಾರಿಸಿ, “ನಗ್ಬೇಡಿ, ಮೂಗು ಹೋದ್ರೆ ನನ್ನ ಕೇಳ್ಬೇಡಿ” ಎನ್ನುತ್ತಿದ್ದ. ಹೆಂಡತಿ ಕೆಲಸದಿಂದ ಬಂದರೆ “ದೊರೆಸಾನಿ ಬಂದ್ರು, ದಾರಿ ಬಿಡಿ” ಎಂದು ಖಾಲಿ ಕೋಣೆಗೆ ಕೂಗಿ ಹೇಳುವವನು. ಅವಳೂ ಅಷ್ಟೇ, ಮದುವೆಯಾದಂದಿನಿಂದ ಯಾರ ಮುಂದೆಯೂ ಅವನನ್ನು ‘ನಮ್ಮನೆಯವರು’ ಎಂದಲ್ಲದೆ ಬೇರೆ ರೀತಿ ಕರೆದವಳಲ್ಲ. ಅಂಥವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತೇ ಹೋಯಿತು.

ಮನೆಗೆ ಕರೆತಂದು ಅವಳೇ ನೋಡಿಕೊಂಡಳು, ಅಚ್ಚುಕಟ್ಟಾಗಿ. ಬೆನ್ನಿಗೆ ಒಂದು ಹುಣ್ಣಾಗಲು ಬಿಡಲಿಲ್ಲ. ಒಂದು ದಿನ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ವಿಚಾರಿಸಿದಾಗ, ಅವನ ಗಡ್ಡ ಒರೆಸುತ್ತಲೇ ಅಂದಳು: “ಬೆಳಿಗ್ಗೆಯಿಂದ ಏನೂ ತಿನ್ಲಿಲ್ಲ ಅದು. ಅದಕ್ಕೇನು ತಿಳಿಯುತ್ತೆ, ಬಿಡಿ.”

ಅಪ್ಪನನ್ನು ನೋಡಲು ಬಂದಿದ್ದ ಮಗಳು ಒಳಗಿನಿಂದ ಕೇಳಿಸಿಕೊಂಡಳು.

“ಅಮ್ಮಾ, ಅಪ್ಪನ್ನ ಅದು ಅಂದ್ಯಾ?”

“ಯಾವಾಗಂದೆ?”

“ಈಗ್ತಾನೆ. ಅಪ್ಪನ ಕಣ್ಣು ನೋಡು.”

ನೋಡಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಎಷ್ಟು ದಿನದಿಂದ ಇಳಿಯುತ್ತಿತ್ತೋ! ದಿನವೂ ಅವಳೇ ಒರೆಸಿದ್ದಳು, ಜೊಲ್ಲಿನ ಜೊತೆಗೆ.

ಅಂದಿನಿಂದ ಹಟ ಹಿಡಿದು ‘ಅವರು’ ಎಂದಳು. ಹಾಗೆಂದ ಕೂಡಲೇ ಮಂಚದ ಮೇಲೆ ಗಂಡ ಬಂದು ಮಲಗಿದ. ಬೆತ್ತಲಾಗಿ, ಹೇಸಿಗೆಯಲ್ಲಿ, ನಾಚಿಕೊಂಡು. ಅವಳ ಕೈ ಓಡಲಿಲ್ಲ. ನಾತ ಮತ್ತೆ ಮೂಗಿಗೆ ಬಡಿಯಿತು. ಒಮ್ಮೆ ಬಟ್ಟೆ ಬದಲಿಸುವುದನ್ನು ಅರ್ಧಕ್ಕೇ ಬಿಟ್ಟು ಹಿತ್ತಲಿಗೆ ಓಡಿದಳು. ಅವನ ಬೆನ್ನಿನಲ್ಲಿ ಹುಣ್ಣಾಯಿತು.

“ನಿಮ್ಮಪ್ಪ ಅಂದ್ಕೊಂಡ್ರೆ ನನ್ನ ಕೈಲಿ ಮುಟ್ಟಕ್ಕಾಗಲ್ಲ ಕಣೇ, ಆಸ್ಪತ್ರೆ ಬೆಡ್ಡು ಅಂದ್ಕೊಂಡ್ರೇನೇ ಕೈ ಓಡೋದು,” ಎಂದು ಮಗಳ ಮುಂದೆ ಅತ್ತಳು. ಮಗಳಿಗೆ ಈ ಮಾತು ಬರೀ ನೆಪವಾಗಿ ಕೇಳಿಸಿತು.

“ಹಾಗಾದ್ರೆ ನಿನಗೆ ಅಪ್ಪ ಬೇಡ, ಬೆಡ್ಡೇ ಬೇಕು,” ಎಂದವಳೇ ವ್ಯಾನು ತರಿಸಿ ತಂದೆಯನ್ನು ತನ್ನ ಮನೆಗೆ ಕರೆದೊಯ್ದಳು. ಎತ್ತಿ ಒಯ್ಯುವಾಗ ಅವನು ಇವಳ ಕಡೆ ಕತ್ತು ತಿರುಗಿಸಲಿಲ್ಲ. ಕತ್ತು ತಿರುಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಗಳು ಆಗೀಗ ಫೋನು ಮಾಡಿ ಅವನ ಕಿವಿಗೆ ಹಿಡಿಯುತ್ತಾಳೆ. ಇವಳು “ಊಟ ಆಯ್ತಾ?” ಎನ್ನುತ್ತಾಳೆ. ಅಷ್ಟು ಕೇಳುವುದಕ್ಕೆ ಯಾರನ್ನೂ ಏನೆಂದೂ ಕರೆಯಬೇಕಾಗಿಲ್ಲ. ಆ ಕಡೆಯಿಂದ ಉಸಿರಾಡುವುದು ಕೇಳಿಸುತ್ತದೆ.