ಪಕ್ಕದವನ ಬೆಸುಗೆ

ಬದನಗುಪ್ಪೆಯ ವರ್ಕ್‌ಶಾಪಿನಲ್ಲಿ ನನಗೆ ವೆಲ್ಡಿಂಗ್ ಕಲಿಸಿದ ಮೇಸ್ತ್ರಿ ಒಂದೇ ಕಡೆ ಕೆಲಸಕ್ಕೆ ನಿಂತವರಲ್ಲ. ಅಣುಶಕ್ತಿಯ ಸಬ್‌ಮರೀನ್ ಕಟ್ಟಿ ಬಂದವರು. ನಾವು ಬೆಸೆದ ಪ್ರತಿ ಜಾಯಿಂಟಿಗೂ ಟಾರ್ಚಿನ ಬೆಳಕು ಬಿಟ್ಟು, ಬೆರಳಿನಿಂದ ಸವರುತ್ತಾ, “ಒಳಗ ಜನ ಅವ್ರೆ ಅಂದ್ಕಂಡು ಮಾಡ್ಲಾ” ಎನ್ನುತ್ತಿದ್ದರು.

ಒಮ್ಮೆ, ಬೇಗೂರಿಗೆ ಹೊರಟಿದ್ದ ನೀರಿನ ಟ್ಯಾಂಕಿನಲ್ಲಿ ನಾನು ಹಾಕಿದ್ದ ಬೆಸುಗೆಗೆ ಸೂಜಿಮೊನೆಯಷ್ಟು ತೂತು ಕಂಡು, ಇಡೀ ಸಾಲನ್ನೇ ಗ್ರೈಂಡರ್ ಹಿಡಿದು ಕಿತ್ತುಹಾಕತೊಡಗಿದರು. ಹೊರಗೆ ಲಾರಿ ಕಾಯುತ್ತಿತ್ತು. ನಾನು ರೇಗಿದೆ: “ಅಣ್ಣೋ, ಇದು ನೀರಿನ ಟ್ಯಾಂಕು! ಇದ್ರೊಳಗ ಯಾರವ್ರೆ?”

ಗ್ರೈಂಡರ್ ನಿಂತಿತು.

“ಸಬ್‌ಮರೀನು ಮೊದಲ್ನೇ ಸಲ ಮುಳುಗ್ದಾಗ ಕಟ್ದೋರ್ನೂ ಒಳಗ ಕೂರ್ಸ್ಕಂಡಿದ್ರು ಕಣ್ಲಾ. ನನ್ನ ಜಾಯಿಂಟೆಲ್ಲ ನನಗ ಗೊತ್ತಿತ್ತು. ಪಕ್ಕದೋನ್ದು ಗೊತ್ತಿರ್ನಿಲ್ಲ.”

ನಾನೇ ಹೊರಗೆ ಹೋಗಿ, ಲಾರಿಯವನಿಗೆ ನಾಳೆ ಬಾ ಎಂದೆ.