ಹೆಣ್ಣು ನೋಡಲು ಬಂದ ಭಾನುವಾರ

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಶನಿವಾರ ಮಧ್ಯಾಹ್ನ ಕೆಲವು ತಾಯಂದಿರು ಸೇರುತ್ತಾರೆ. ಒಬ್ಬರ ಮಗುವಿಗೆ ಕಿವಿ ಕೇಳಿಸುವುದಿಲ್ಲ, ಇನ್ನೊಬ್ಬರ ಮಗುವಿಗೆ ನಡೆಯಲು ಬರುವುದಿಲ್ಲ. ಶಾಲೆಯವರು ಸೀಟಿಲ್ಲ ಎಂದರೆ ಈ ತಾಯಂದಿರ ಜೊತೆ ಹೋಗಿ ಜಗಳವಾಡುವುದು ನನ್ನ ಕೆಲಸ. ತಲೆ ನರೆತಿದೆ, ಸಂಬಳವಿಲ್ಲ, ಬಾಯಿ ಇದೆ. ಹೊಸದಾಗಿ ಬಂದವರಿಗೆಲ್ಲ ನಾನು ಮೊದಲು ಹೇಳುವ ಮಾತು, ಮಗುವನ್ನು ಬಚ್ಚಿಡಬೇಡಿ ಅಂತ. ಹೇಳುವುದು ನನಗೆ ಸುಲಭ. ನನಗೆ ಅತ್ತೆ ಇಲ್ಲ.

ಹಿಂದಿನ ಬೀದಿಯ ಸೊಸೆಯೊಬ್ಬಳು ತನ್ನ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬರುತ್ತಿದ್ದಳು. ಅವರದು ತರಗುಪೇಟೆಯಲ್ಲಿ ಬೇಳೆಕಾಳಿನ ಅಂಗಡಿ. ಮಗುವಿಗೆ ಕತ್ತು ಸರಿಯಾಗಿ ನಿಲ್ಲುತ್ತಿರಲಿಲ್ಲ, ಮಾತಿರಲಿಲ್ಲ, ಜೊಲ್ಲು ಸುರಿಯುತ್ತಿತ್ತು. ಆದರೆ ಮನೆಯವರ ದನಿ ಕಿವಿಗೆ ಬಿದ್ದರೆ ಸಾಕು, ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದಳು. ಅಜ್ಜಿಯ ದನಿಗಂತೂ ಇನ್ನೂ ಜೋರು. ಅಜ್ಜಿ ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಒಂದು ದಿನ ಆ ಅಜ್ಜಿಯೇ ಚಿರೋಟಿ ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಭಾನುವಾರ ಅವರ ಮಗಳನ್ನು ನೋಡಲು ಬಿನ್ನಿಪೇಟೆಯಿಂದ ಗಂಡಿನ ಕಡೆಯವರು ಬರುವವರಿದ್ದರು.

"ಮಗು ಅವತ್ತೊಂದಿನ ನಿಮ್ಮನೇಲಿರ್ಲಿ. ನಿಮ್ಮನ್ನ ಕಂಡ್ರೆ ಅದಕ್ಕೆ ಇಷ್ಟ."

"ಬಚ್ಚಿಡೋಕಾ?" ಎಂದೆ.

"ಹಾಗಂದ್ರೆ ಹೇಗೆ? ಮದುವೆ ಆದ್ಮೇಲೆ ಎಲ್ಲಾರೂ ನೋಡೇ ನೋಡ್ತಾರೆ. ಹಿಂದೆ ಬಂದೋರು ಮಗು ನೋಡಿ, ವಂಶದಲ್ಲೇ ಇದೆಯೇನೋ ಅಂತ ಎದ್ದೋದ್ರು. ಈ ಸಲಾನೂ ತಪ್ಪೋದ್ರೆ ನನ್ ಮಗಳ ಗತಿಯೇನು?"

ಅವರ ಕಣ್ಣಲ್ಲಿ ನೀರಿತ್ತು, ನಾಟಕವಲ್ಲ. ಆದರೂ ನಾನು ಒಪ್ಪಲಿಲ್ಲ. ಬೇಕಾದರೆ ನಾನೇ ನಿಮ್ಮ ಮನೆಗೆ ಬಂದು ಮಗುವಿನ ಪಕ್ಕ ಕೂರುತ್ತೇನೆ, ಅವಳು ನಡುಮನೆಯಲ್ಲೇ ಇರಲಿ ಎಂದೆ. ಮುಖ ಗಂಟಿಕ್ಕುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಯೋಚಿಸಿ, "ಆಯ್ತು, ಬನ್ನಿ" ಎಂದುಬಿಟ್ಟರು. ಚಿರೋಟಿಯನ್ನೂ ವಾಪಸ್ ಒಯ್ಯಲಿಲ್ಲ.

ಭಾನುವಾರದವರೆಗೆ ನನಗೆ ಸಮಾಧಾನವಿರಲಿಲ್ಲ. ಸಂಬಂಧ ಮುರಿದರೆ ನಾನು ಮನೆಗೆ ಬಂದು ಸಾರನ್ನ ಉಂಡು ಮಲಗುತ್ತೇನೆ. ಅಡುಗೆಮನೆಯಲ್ಲಿ ದಿನಾ ಮಾತು ಕೇಳಬೇಕಾದವಳು ಆ ಸೊಸೆ. ಇನ್ನು ಮೇಲೆ ಶನಿವಾರ ಮಗುವನ್ನು ನಮ್ಮ ಮನೆಗೆ ಕರೆತರುವುದಕ್ಕೂ ಅವಳನ್ನು ಬಿಡದೆ ಹೋದರೆ? ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡೆ.

ನಾನು ಹೋಗುವಷ್ಟರಲ್ಲಿ ಮಗುವಿಗೆ ಹೊಸ ಫ್ರಾಕ್ ಹಾಕಿದ್ದರು. ರೇಷ್ಮೆ ಸೀರೆ ಉಟ್ಟ ಮದುವೆ ಹುಡುಗಿ, ಮಗುವಿನ ಸೋದರತ್ತೆ, ತಾನೇ ಅದರ ಜುಟ್ಟಿಗೆ ರಿಬ್ಬನ್ ಕಟ್ಟುತ್ತಿದ್ದಳು. ಅಜ್ಜಿ ನನ್ನನ್ನು ಮಗುವಿನ ಕುರ್ಚಿಗೆ ಅಂಟಿಕೊಂಡಂತೆಯೇ ಕೂರಿಸಿದರು. ಸೊಸೆಗೆ ಕಾಫಿ ತರುವವರೆಗೆ ಹೊರಗೆ ಬರಬೇಡ ಎಂದರು.

ಗಂಡು ಮತ್ತು ಅವನ ತಂದೆತಾಯಿ ಬಂದರು. ಉಪ್ಪಿಟ್ಟು, ಕೇಸರಿಬಾತ್ ಆಯಿತು. ಅಜ್ಜಿ ಮಾತಾಡಿದಾಗಲೆಲ್ಲ ಮಗು ನಗುತ್ತಿತ್ತು. ಗಂಡಿನ ತಾಯಿ ಪದೇ ಪದೇ ಇತ್ತಲೇ ನೋಡುತ್ತಿದ್ದರು. ಕೊನೆಗೆ ಕೇಳಿಯೇಬಿಟ್ಟರು.

"ಯಾರ ಮಗು ಇದು?"

"ಇವರ ಮೊಮ್ಮಗಳು," ಎಂದು ಅಜ್ಜಿ ನನ್ನ ಕಡೆ ಕೈ ತೋರಿಸಿದರು. "ಪಾಪ, ಬಿಟ್ಟು ಬರೋಕಾಗಲ್ಲ ಅಂತ ಜೊತೇಲೇ ಕರ್ಕೊಂಡು ಬಂದಿದಾರೆ."

ಅವರು ಅಷ್ಟು ಸಲೀಸಾಗಿ ಒಪ್ಪಿದ್ದೇಕೆ ಎಂದು ಆಗ ಹೊಳೆಯಿತು. ಹೆಡ್ ಮೇಡಂಗಳ ಬೆವರಿಳಿಸಿದ ನನ್ನ ನಾಲಿಗೆ ಒಣಗಿಹೋಗಿತ್ತು. ಅಲ್ಲ ಎಂದರೆ ರೇಷ್ಮೆ ಸೀರೆಯಲ್ಲಿ ತಲೆ ತಗ್ಗಿಸಿ ಕೂತವಳ ಪಾಡೇನು? ಹೌದು ಎಂದರೆ ಈ ಮಗು ತನ್ನ ಮನೆಯಲ್ಲೇ ಯಾರೂ ಅಲ್ಲ. ಸೊಸೆ ಕಾಫಿ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಅವಳನ್ನು ನೋಡಿದೆ. ಅವಳು ಮಗುವನ್ನು ನೋಡುತ್ತಿದ್ದಳು.

ಮಗುವಿನ ನಗು ನಿಂತಿತ್ತು. ನಿಲ್ಲದ ಕತ್ತನ್ನು ಕಷ್ಟಪಟ್ಟು ಎತ್ತಿ ಅಜ್ಜಿಯ ಕಡೆ ತಿರುಗಿತು. ಸ್ವಲ್ಪ ಹೊತ್ತು ಹಾಗೇ ನೋಡಿತು. ಆಮೇಲೆ ತಲೆ ಎದೆಯ ಮೇಲೆ ಬಿತ್ತು.

ಸೊಸೆ ಟ್ರೇಯನ್ನು ಟೀಪಾಯಿ ಮೇಲಿಟ್ಟಳು, ಕಾಫಿ ಚೆಲ್ಲಿತು. ಬಂದು ಮಗುವನ್ನು ಎತ್ತಿಕೊಂಡಳು.

"ನನ್ ಮಗಳು ಇವಳು," ಎಂದು ಗಂಡಿನ ತಾಯಿಗೆ ಹೇಳಿದಳು. "ಹುಟ್ಟುವಾಗ ಉಸಿರು ಸಿಗಲಿಲ್ಲ, ಅದಕ್ಕೇ ಹೀಗೆ. ವಂಶದ್ದಲ್ಲ. ಇನ್ನೇನಾದ್ರೂ ಕೇಳೋದಿದ್ರೆ ನನ್ನನ್ನೇ ಕೇಳಿ."

ಅವರು ಕಾಫಿ ಕುಡಿದರು, ಫೋನ್ ಮಾಡುತ್ತೇವೆ ಎಂದು ಎದ್ದರು. ಫೋನ್ ಮಾಡುತ್ತೇವೆ ಎನ್ನುವವರ ಮುಖ ನಾನು ಶಾಲೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಈ ಮುಖ ಅದಾ ಅಲ್ಲವಾ ಎಂದು ಮಾತ್ರ ಗೊತ್ತಾಗಲಿಲ್ಲ.

ಗೇಟು ಮುಚ್ಚಿದ ಮೇಲೆ ಅಜ್ಜಿ ಸೊಸೆಯ ಕಡೆ ತಿರುಗಿದರು. "ನಿನ್ ನಾದಿನಿ ಬಾಳಿಗೆ ಕಲ್ಲು ಹಾಕ್ಬಿಟ್ಟೆ."

ಸೊಸೆ ಅಳಲಿಲ್ಲ. "ಇವರ ಮೊಮ್ಮಗಳು ಅಂದ್ರಲ್ಲ ಅತ್ತೆ, ಆಗ ಇವಳ ಮುಖ ನೋಡಿದ್ರಾ? ನೀವು ಮಾತಾಡಿದ್ರೆ ನಗೋಳು, ನಗೋದು ನಿಲ್ಲಿಸ್ಬಿಟ್ಲು."

ಅಜ್ಜಿ ಮಗುವಿನ ಕಡೆ ನೋಡಿದರು. ಮಗು ತಾಯಿಯ ಭುಜದಲ್ಲಿ ಮುಖ ಹುದುಗಿಸಿತ್ತು, ಇತ್ತ ತಿರುಗಲಿಲ್ಲ. ಅಜ್ಜಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಅದಕ್ಕೆ ಅರ್ಥ ಆಗತ್ತಾ?"

"ಆಗತ್ತೆ."

"ಯಾವಾಗಿಂದ?"

"ಮೊದಲಿಂದಾನೂ," ಎಂದೆ.

ಅವರು ಸೋಫಾದ ಮೇಲೆ ಕುಸಿದು ಕೂತರು. "ಹಾಗಿದ್ರೆ ಇಷ್ಟು ವರ್ಷ ನಾನು ಅದರ ಮುಂದೆ ಅಂದಿದ್ದೆಲ್ಲಾ..." ಎಂದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.